ಅಕ್ಕನ ಚೀಟಿಯಲ್ಲಿ ನನ್ನ ಎದೆ

ನಮ್ಮ ಮನೆಯಲ್ಲಿ ಕೋಪವೆಲ್ಲ ನನ್ನ ಪಾಲಿಗೆ ಬಂತು, ನಾಚಿಕೆಯೆಲ್ಲ ಅಕ್ಕನ ಪಾಲಿಗೆ ಹೋಯಿತು. ಅಕ್ಕ ಅಂದರೆ ಒಡಹುಟ್ಟಿದವಳಲ್ಲ, ನನ್ನ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ. ಇಪ್ಪತ್ತು ವರ್ಷದಿಂದ ಒಂದೇ ಮನೆ, ಒಂದೇ ಒಲೆ. ಕೆಲಸವೂ ಒಂದೇ ಕಡೆ. ಹೋಟೆಲುಗಳ ಹಾಸುಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಕಾರ್ಖಾನೆ. ಅಲ್ಲಿ ಕೋಣೆಯಷ್ಟು ಅಗಲದ ಬಿಸಿ ಉರುಳೆಯೊಂದು ದಿನವಿಡೀ ತಿರುಗುತ್ತಿರುತ್ತದೆ. ಒದ್ದೆ ಬಟ್ಟೆಯ ಒಂದು ತುದಿ ಅಕ್ಕ ಹಿಡಿಯಬೇಕು, ಇನ್ನೊಂದು ತುದಿ ನಾನು. ಇಬ್ಬರೂ ಒಂದೇ ಸಮ ಎಳೆದು ಅದರ ಬಾಯಿಗೆ ಕೊಡಬೇಕು. ಒಬ್ಬಳು ಎಲ್ಲೋ ನೋಡಿದರೆ ಬಟ್ಟೆ ಸುಕ್ಕಾಗಿ ಹೊರಗೆ ಬರುತ್ತದೆ, ಬೈಗುಳ ಇಬ್ಬರಿಗೂ ಬೀಳುತ್ತದೆ.

ಹೀಗಾಗಿ ಅಲ್ಲಿ ಒಬ್ಬಳ ಬದಲು ಇನ್ನೊಬ್ಬಳು ನಿಲ್ಲುವುದು ತಪ್ಪು ಅಂತ ಯಾರಿಗೂ ಅನಿಸುತ್ತಿರಲಿಲ್ಲ. ಒಬ್ಬಳು ತಡವಾಗಿ ಬಂದರೆ ಜೊತೆಯವಳು ಅವಳ ಹಾಜರಿ ಚೀಟಿಯನ್ನೂ ಹೊತ್ತು ಅಚ್ಚೊತ್ತುವ ಗಡಿಯಾರದ ಬಾಯಿಗೆ ತುರುಕುತ್ತಿದ್ದಳು. ಒಬ್ಬಳು ಬಚ್ಚಲಿಗೆ ಹೋದರೆ ಇನ್ನೊಬ್ಬಳು ಎರಡು ಕೈಯಲ್ಲಿ ನಾಲ್ಕು ಕೈಯ ಕೆಲಸ ಮಾಡುತ್ತಿದ್ದಳು. ಅದು ಸ್ನೇಹಕ್ಕಿಂತ ಹೆಚ್ಚಾಗಿ ಅಭ್ಯಾಸ.

ಅಂಥ ಕಡೆಗೆ ಒಂದು ದಿನ ತಪಾಸಣೆಯ ಬಸ್ಸು ಬಂದು ಅಂಗಳದಲ್ಲಿ ನಿಂತಿತು. ನಲವತ್ತು ದಾಟಿದ ಹೆಂಗಸರೆಲ್ಲ ಸ್ತನದ ಫೋಟೋ ತೆಗೆಸಿಕೊಳ್ಳಬೇಕು, ಕ್ಯಾನ್ಸರ್ ಇದ್ದರೆ ಗಂಟು ಕೈಗೆ ಸಿಗುವ ಮೊದಲೇ ಗೊತ್ತಾಗುತ್ತದೆ, ಆಗ ವಾಸಿ ಮಾಡುವುದು ಸುಲಭ ಅಂತ ಮೇಸ್ತ್ರಿ ಕಾಗದ ನೋಡಿಕೊಂಡು ಓದಿದ. ಒಬ್ಬೊಬ್ಬರಿಗೂ ತಪಾಸಣೆಯ ಚೀಟಿ ಹಂಚಿ, "ಚೀಟಿಗೆ ಮುದ್ರೆ ಒತ್ತಿಸ್ಕೊಂಡು ಬಂದವರಿಗೆ ಮಾತ್ರ ಮುಂದಿನ ವರ್ಷ ಕೆಲಸ," ಅಂತ ತನ್ನದೂ ಒಂದು ಮಾತು ಸೇರಿಸಿದ.

ಅಕ್ಕನ ಸರದಿ ಮೊದಲ ದಿನ, ನನ್ನದು ಮರುದಿನ. ಅಕ್ಕನ ಮುಖ ಬಿಳುಚಿಕೊಂಡಿತ್ತು. ಹೆರಿಗೆಯಲ್ಲೂ ಹೊದಿಕೆ ಬಿಡಲಿಲ್ಲ ಅಂತ ದಾದಿಯರಿಂದ ಬೈಸಿಕೊಂಡವಳು ಅವಳು.

"ನನ್ ಕೈಲಿ ಆಗಲ್ಲ ಕಣೇ. ಗುರುತಿಲ್ಲದವರ ಮುಂದೆ ಹೇಗೆ ಬಿಚ್ಚಿಕೊಂಡು ನಿಲ್ಲೋದು?"

"ಅವರೇನು ನಿನ್ನ ಅಂದ ನೋಡೋಕೆ ಬಂದಿದಾರಾ? ಕೊಡಿಲ್ಲಿ ಚೀಟಿ," ಅಂದೆ.

ಚೀಟಿಯಲ್ಲಿ ಹೆಸರು, ವಯಸ್ಸು, ಸಂಖ್ಯೆ ಇತ್ತು, ಮುಖ ಇರಲಿಲ್ಲ. ನಮಗಿಬ್ಬರಿಗೂ ಮೂರೇ ವರ್ಷದ ಅಂತರ. ಹೋದೆ. ಬಸ್ಸಿನೊಳಗೆ ಒಬ್ಬ ಹುಡುಗಿ ನನ್ನ ಎದೆಯನ್ನು ಎರಡು ಹಲಗೆಗಳ ನಡುವೆ ಒತ್ತಿ, "ಉಸಿರು ಹಿಡೀರಿ ಅಮ್ಮಾ," ಅಂದಳು. ಜೀವ ಬಾಯಿಗೆ ಬಂದ ಹಾಗಾಯಿತು, ಆದರೆ ಐದು ನಿಮಿಷದಲ್ಲಿ ಮುಗಿಯಿತು. ಮುದ್ರೆ ಒತ್ತಿದ ಚೀಟಿಯನ್ನು ಅಕ್ಕನ ಕೈಗಿತ್ತಾಗ ಅವಳು ನನ್ನ ಕೆನ್ನೆ ಸವರಿ, "ಚಿನಕುರುಳಿ ನೀನು," ಅಂದಳು.

ಮರುದಿನ ನನ್ನ ಚೀಟಿ ಹಿಡಿದು ಸಾಲಿನಲ್ಲಿ ನಿಂತೆ. ಬಾಗಿಲಲ್ಲಿ ಅದೇ ಹುಡುಗಿ. ಗುರುತು ಹಿಡಿದುಬಿಟ್ಟರೆ? ಮೆಲ್ಲಗೆ ಸಾಲಿನಿಂದ ಜಾರಿಕೊಂಡೆ. ಬೇರೆ ಆಸ್ಪತ್ರೆಯಲ್ಲಿ ಮಾಡಿಸಿಯಾಗಿದೆ ಅಂತ ಮೇಸ್ತ್ರಿಗೆ ಹೇಳಿದೆ, ಅವನು ಮುದ್ರೆಯನ್ನೂ ಕೇಳದೆ, ತಲೆಯನ್ನೂ ಎತ್ತದೆ ನನ್ನ ಹೆಸರಿನ ಮುಂದೆ ಗೀಟು ಹಾಕಿಕೊಂಡ. ಹೇಗೂ ನನ್ನ ಎದೆಯನ್ನು ನಿನ್ನೆಯೇ ನೋಡಿಯಾಗಿತ್ತಲ್ಲ, ಮತ್ತೆ ಯಾಕೆ ಹಿಂಡಿಸಿಕೊಳ್ಳಲಿ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೆಸರು ಯಾರದಾದರೇನು, ಎದೆ ನನ್ನದೇ ಅನ್ನುವುದು ಅವತ್ತು ನನಗೆ ಸರಿಯಾಗಿ ಗೊತ್ತಿತ್ತು. ಅದು ಯಾವಾಗ ಮರೆತುಹೋಯಿತೋ ದೇವರೇ ಬಲ್ಲ.

ಮೂರು ವಾರಕ್ಕೆ ಅಕ್ಕನ ಹೆಸರಿಗೆ ಕಾಗದ ಬಂತು. ಫೋಟೋದಲ್ಲಿ ಇನ್ನೊಮ್ಮೆ ನೋಡಬೇಕಾದ ಜಾಗವೊಂದಿದೆ, ಹೆದರಬೇಡಿ, ಬೇಗ ಆಸ್ಪತ್ರೆಗೆ ಬನ್ನಿ ಅಂತ ಬರೆದಿತ್ತು. ಅಕ್ಕ ಅಡುಗೆಮನೆಯಲ್ಲಿ ಅದನ್ನು ಗಟ್ಟಿಯಾಗಿ ಓದಿ, ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದಳು.

"ನೋಡೇ ಇವರ ಕಥೆ! ನಾನು ಆ ಬಸ್ಸಿನ ಮೆಟ್ಟಿಲೂ ಹತ್ತಿಲ್ಲ. ನನ್ನ ಎದೇಲಿ ಇವರಿಗೆ ಏನೋ ಕಾಣಿಸ್ತಂತೆ!"

ನಾನೂ ನಕ್ಕೆ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆ. "ನಿನ್ನ ಚೀಟಿ ನೋಡೇ ಕಾಯಿಲೆ ಕಂಡುಹಿಡಿದಿದಾರೆ ಅಕ್ಕಾ, ಇನ್ನು ನಿನ್ನನ್ನೇ ನೋಡಿದ್ರೆ ಏನೇನು ಹೇಳ್ತಿದ್ರೋ!" ಅಂದದ್ದು ನಾನೇ. ಎರಡು ತಿಂಗಳಿಗೆ ಇನ್ನೊಂದು ಕಾಗದ ಬಂದಾಗ ಮತ್ತೆ ನಕ್ಕೆವು. ಆಸ್ಪತ್ರೆಯಿಂದ ಫೋನ್ ಬಂದರೆ ಅಕ್ಕ, "ನಾನು ಗುಂಡುಕಲ್ಲಿನ ಹಾಗಿದೀನಿ," ಅಂತ ಇಟ್ಟುಬಿಡುತ್ತಿದ್ದಳು. ಉರುಳೆಯ ಮುಂದೆ ಬೇಸರವಾದಾಗ ನಾವಿಬ್ಬರೂ ಗುಟ್ಟಾಗಿ ಇದನ್ನೇ ನೆನೆದು ನಗುತ್ತಿದ್ದೆವು. ದಡ್ಡತನಕ್ಕೂ ಒಂದು ಮಿತಿ ಬೇಡವೇ? ಕಾಗದದ ಮೇಲೆ ಅಕ್ಕನ ಹೆಸರಿತ್ತು, ಅಕ್ಕನಿಗೆ ಏನೂ ಆಗಿರಲಿಲ್ಲ, ನಮ್ಮ ತಲೆ ಅದರಾಚೆಗೆ ಓಡಲಿಲ್ಲ.

ಮೂರನೆಯ ಕಾಗದ ಬಂದದ್ದು ಏಳು ತಿಂಗಳಿಗೆ. ನಾನು ತಟ್ಟೆ ತೊಳೆಯುತ್ತಿದ್ದೆ. ಅಕ್ಕ ನಾಟಕದವರ ಹಾಗೆ ದನಿ ಎಳೆದು ಓದಿದಳು.

"ಈ ಸಲ ಯಾವ ಕಡೆ ಅಂತಾನೂ ಬರೆದಿದಾರೆ ಕಣೇ. ಎಡಗಡೆ ಅಂತೆ, ಕಂಕುಳ ಹತ್ತಿರ!"

ನಗಲು ಬಾಯಿ ತೆರೆದೆ. ನಗು ಹೊರಡಲಿಲ್ಲ. ಎಡಗಡೆ ಕಂಕುಳ ಹತ್ತಿರ ಒಂದೂವರೆ ತಿಂಗಳಿಂದ ಏನೋ ಹಿಡಿದುಕೊಂಡ ಹಾಗಿತ್ತು. ಬಟ್ಟೆ ಎಳೆದೂ ಎಳೆದೂ ನರ ಉಳುಕಿದೆ ಅಂತ ರಾತ್ರಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದೆ. ಸೋಪು ಮೆತ್ತಿದ ಕೈಯನ್ನೇ ಅಂಗಿಯೊಳಗೆ ಹಾಕಿ ಒತ್ತಿ ನೋಡಿದೆ. ಗಟ್ಟಿಯಾಗಿ, ಅಲುಗಾಡದೆ ಕೂತಿತ್ತು.

"ಅಕ್ಕಾ," ಅಂದೆ. "ಆ ಎದೆ ನಂದು."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದದ್ದೇ ನೆಲದ ಮೇಲೆ ಕೂತುಬಿಟ್ಟಳು. ನನಗೆ ಅವಳನ್ನು ಎಬ್ಬಿಸುವ ಮನಸ್ಸಾಗಲಿಲ್ಲ. ಏಳು ತಿಂಗಳು! ಮೂರು ಸಲ ಬಾಗಿಲು ತಟ್ಟಿ ಕರೆದಿದ್ದರು, ನಾವು ಹಲ್ಲು ಕಿರಿದು ಕಳಿಸಿದ್ದೆವು.

ಮರುದಿನ ಕೆಲಸ ತಪ್ಪಿಸಿ ಇಬ್ಬರೂ ಆಸ್ಪತ್ರೆಗೆ ಹೋದೆವು. ಗಾಜಿನ ಕಿಟಕಿಯ ಹಿಂದೆ ಕೂತಿದ್ದ ಗುಮಾಸ್ತೆ ಅಕ್ಕನ ಕಾಗದ ನೋಡಿದ್ದೇ, "ಈಗಲಾದ್ರೂ ಬಂದ್ರಲ್ಲ! ನೇರ ಒಳಗೆ ಹೋಗಿ," ಅಂದಳು. ನನಗೂ ತೋರಿಸಬೇಕಿತ್ತು ಅಂದದ್ದಕ್ಕೆ, "ಹೊಸಬರಾ? ಹೆಸರು ಬರೆಸಿ, ಆರು ವಾರ ಆಗುತ್ತೆ," ಅಂದಳು.

ಆರು ವಾರ. ಅಕ್ಕ ನನ್ನನ್ನು ಕಂಬದ ಮರೆಗೆ ಎಳೆದುಕೊಂಡು ಹೋದಳು.

"ನಿಜ ಹೇಳಿದ್ರೆ ಕಾರ್ಖಾನೆಗೆ ಗೊತ್ತಾಗುತ್ತೆ, ಇಬ್ಬರ ಕೆಲಸಾನೂ ಹೋಗುತ್ತೆ. ನೀನು ನನ್ನ ಹೆಸರಲ್ಲೇ ಒಳಗೆ ಹೋಗ್ಬಿಡೇ. ಆವತ್ತು ಹೋಗಿದ್ಯಲ್ಲ ಹಾಗೆ."

ಒಂದು ಕ್ಷಣ, ಸುಳ್ಳು ಯಾಕೆ ಹೇಳಲಿ, ನನಗೂ ಹಾಗೇ ಮಾಡಿಬಿಡೋಣ ಅನಿಸಿತು. ಬಾಗಿಲು ಹತ್ತು ಹೆಜ್ಜೆ ದೂರದಲ್ಲಿತ್ತು. ಆಮೇಲೆ ಎಲ್ಲಿತ್ತೋ ಸಿಟ್ಟು ನೆತ್ತಿಗೇರಿತು.

"ಆಪರೇಷನ್ನೂ ನಿನ್ನ ಹೆಸರಲ್ಲೇ ಮಾಡಿಸ್ಕೊಳ್ಳಲಾ? ನಾನು ಸತ್ರೆ ಯಾರು ಸತ್ರು ಅಂತ ಬರೀತಾರೆ? ಹೇಳು!"

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ ಅಂತ ಕಿಟಕಿಗೆ ಹೋಗಿ ಇದ್ದದ್ದನ್ನೆಲ್ಲ ಕಕ್ಕಿಬಿಟ್ಟೆ. ಗುಮಾಸ್ತೆ ನಂಬಲಿಲ್ಲ. ಅವಳ ಮೇಲಿನವನು ಬಂದ, ಅವನೂ ನಂಬಲಿಲ್ಲ. ಕಾಯುವುದು ತಪ್ಪಿಸಿಕೊಳ್ಳಲು ಜನ ಏನೇನೋ ಹೇಳುತ್ತಾರಂತೆ. ಕೂಗಾಡಿದೆ. ಕೂಗಾಡಿ ಆಗಲಿಲ್ಲ ಅಂದಾಗ ಕೈ ಮುಗಿದೆ. ಯಾರ ಮುಂದೆಯೂ ತಲೆ ತಗ್ಗಿಸದವಳು ಆ ಗಾಜಿಗೆ ಹಣೆ ಹಚ್ಚಿ, "ನಿಮ್ಮ ಹತ್ರ ಇರೋ ಫೋಟೋ ನಂದಮ್ಮಾ, ನಿಮ್ಮ ಕಾಲಿಗೆ ಬೀಳ್ತೀನಿ, ಒಂದ್ಸಲ ನೋಡಿ," ಅಂತ ಅತ್ತೆ.

ಗಲಾಟೆಗೆ ಡಾಕ್ಟರಮ್ಮ ಹೊರಗೆ ಬಂದರು. ಎಲ್ಲ ಕೇಳಿಸಿಕೊಂಡು, ಅಕ್ಕನ ಕಡೆ ತಿರುಗಿ, "ಇವರು ಹೇಳೋದು ನಿಜವೋ ಸುಳ್ಳೋ ನಿಮ್ಮ ಫೋಟೋ ತೆಗೆದರೆ ಗೊತ್ತಾಗುತ್ತೆ. ತೆಗೆಸ್ಕೋತೀರಾ?" ಅಂತ ಕೇಳಿದರು.

ಅಕ್ಕ ಅಲ್ಲೇ, ಆ ಓಡಾಟದ ನಡುವೆಯೇ, ಮೇಲಂಗಿಯ ಗುಂಡಿ ಬಿಚ್ಚತೊಡಗಿದಳು. ದಾದಿಯೊಬ್ಬಳು ಓಡಿಬಂದು, "ಇಲ್ಲಲ್ಲ ಅಮ್ಮಾ, ಒಳಗೆ," ಅಂತ ಕರೆದುಕೊಂಡು ಹೋದಳು. ನನ್ನ ಸಿಟ್ಟೆಲ್ಲ ಅಲ್ಲಿಗೇ ಇಳಿದುಹೋಯಿತು.

ಅವಳ ನಂತರ ನನ್ನನ್ನು ಕರೆದರು. ಆಮೇಲೆ ಡಾಕ್ಟರಮ್ಮ ಮೂರು ಫೋಟೋಗಳನ್ನು ಪರದೆಯ ಮೇಲೆ ಪಕ್ಕಪಕ್ಕದಲ್ಲಿ ತೋರಿಸಿದರು. ಅಕ್ಕನದರಲ್ಲಿ ಏನೂ ಇರಲಿಲ್ಲ. ಬಸ್ಸಿನಲ್ಲಿ ತೆಗೆದದ್ದರಲ್ಲಿ ಸಾಸಿವೆ ಕಾಳಿನಷ್ಟು ಬಿಳಿ ಚುಕ್ಕೆ. ಇವತ್ತಿನದರಲ್ಲಿ ಅದೇ ಜಾಗದಲ್ಲಿ ಹುಣಸೆ ಬೀಜದಷ್ಟು, ಕಂಕುಳಲ್ಲಿ ಇನ್ನೆರಡು.

"ಸೂಜಿ ಹಾಕಿ ಪರೀಕ್ಷೆ ಮಾಡದೆ ಖಚಿತವಾಗಿ ಹೇಳೋಕಾಗಲ್ಲ," ಅಂದರು. "ಆದ್ರೆ ನನಗೆ ಇದು ಇಷ್ಟ ಆಗ್ತಿಲ್ಲ. ಆ ಪರೀಕ್ಷೆ ಇವತ್ತೇ ಮಾಡೋಣ."

"ಆಗಲೇ ಬಂದಿದ್ರೆ?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಆಗ ಬಹಳ ಸಣ್ಣದಿತ್ತು ಅಮ್ಮಾ," ಅಂದರು. ಅಷ್ಟೇ ಅಂದರು.

ಅಕ್ಕನ ಆ ಸ್ವಚ್ಛವಾದ ಫೋಟೋ ನೋಡುತ್ತಾ, ಇದು ಇವಳಿಗೇ ಬರಬಾರದಿತ್ತೇ ಅಂತ ಅಂದುಕೊಂಡೆ. ಇಪ್ಪತ್ತು ವರ್ಷ ಒಂದೇ ಒಲೆಯ ಅನ್ನ ಉಂಡವಳ ಬಗ್ಗೆ ಹಾಗೆ ಅಂದುಕೊಂಡೆ. ಮರುಕ್ಷಣವೇ ನಾಲಿಗೆ ಕಚ್ಚಿಕೊಂಡೆ, ಆದರೆ ಅಂದುಕೊಂಡದ್ದು ಅಂದುಕೊಂಡದ್ದೇ.

ಹೊರಗೆ ಬಂದಾಗ ಅಕ್ಕ ಬೆಂಚಿನ ತುದಿಯಲ್ಲಿ ಕೂತಿದ್ದಳು. ಗುಂಡಿಗಳನ್ನು ತಪ್ಪು ತೂತಿಗೆ ಹಾಕಿಕೊಂಡು ಅಂಗಿ ಒಂದು ಕಡೆ ಮೇಲೆದ್ದಿತ್ತು. ನನ್ನ ಮುಖ ನೋಡಿದಳು.

"ನಂಗೇನೂ ಇಲ್ವಂತೆ," ಅಂದಳು, ತಪ್ಪು ಒಪ್ಪಿಕೊಳ್ಳುವವಳ ಹಾಗೆ.

"ಗೊತ್ತು."

"ಬೈಯೇ ನನ್ನ. ಆ ಕಾಗದ ಓದಿ ಓದಿ ನಗಿಸಿದ್ದು ನಾನು."

"ನಕ್ಕಿದ್ದು ನಾನು," ಅಂದೆ.

ಪಕ್ಕದಲ್ಲಿ ಕೂತೆ. ಅವಳು ನನ್ನ ಕೈ ಹಿಡಿದುಕೊಂಡಳು. ನನಗೆ ಭಯವಾಗುತ್ತಿತ್ತು. ಸಾಯಲು ನನಗೆ ಇಷ್ಟವಿರಲಿಲ್ಲ, ಚೂರೂ ಇಷ್ಟವಿರಲಿಲ್ಲ.

ಸೂಜಿ ಪರೀಕ್ಷೆಯ ಕೋಣೆಯ ಬಾಗಿಲು ತೆರೆಯಿತು. ದಾದಿ ನನ್ನ ಹೆಸರು ಕೂಗಿದಳು. ನಾನು ಏಳುವ ಮೊದಲೇ ಅಕ್ಕ ದಡಬಡನೆ ಎದ್ದು ಬಾಗಿಲಿನ ಕಡೆ ನಾಲ್ಕು ಹೆಜ್ಜೆ ಹೋಗಿಬಿಟ್ಟಿದ್ದಳು.

"ನೀವೇನಾ?" ಅಂತ ದಾದಿ ಕೇಳಿದಳು.

ಅಕ್ಕ ಹೌದು ಅನ್ನುವವಳ ಹಾಗೆ ಬಾಯಿ ತೆರೆದಳು. ತಿರುಗಿ ನನ್ನನ್ನು ನೋಡಿದಳು.

"ಅಲ್ಲ," ಅಂದಳು. "ಅವಳು."

ನಾನು ಎದ್ದು ಅವಳನ್ನು ದಾಟಿ ಒಳಗೆ ಹೋದೆ.