ತಿಳಿಹಳದಿ ಸೀರಂ

ಅತ್ತೆ ಮೇಲಿನ ವಾರ್ಡಿನಲ್ಲಿದ್ದರು, ನಾನು ಕೆಳಗಿನ ಲ್ಯಾಬಿನಲ್ಲಿ. ನಡುವೆ ಒಂದು ಮೆಟ್ಟಿಲಸಾಲು, ಅದರ ಬಾಯಿಗೆ ಕಾವಲುಗಾರ. ವೈರಸ್‌ನಿಂದ ಉಸಿರು ಕಟ್ಟಿದವರ ವಾರ್ಡಿಗೆ ಮನೆಯವರನ್ನು ಬಿಡುತ್ತಿರಲಿಲ್ಲ. ಅದೇ ಆಸ್ಪತ್ರೆಯಲ್ಲಿ ದುಡಿಯುವ ನನಗೂ ವಿನಾಯಿತಿ ಸಿಗಲಿಲ್ಲ. ಹಾಗಾಗಿ ದಿನಕ್ಕೊಮ್ಮೆ ಅತ್ತೆಯೇ ಕೆಳಗೆ ಬರುತ್ತಿದ್ದರು, ಪುಟ್ಟ ಕೊಳವೆಯೊಳಗೆ ರಕ್ತವಾಗಿ.

ನನ್ನ ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ನಾವಿಬ್ಬರೇ. ಅವರು ಬೈಯುವುದು, ನಾನು ಕೇಳಿಯೂ ಕೇಳದಂತಿರುವುದು, ಅದೇ ನಮ್ಮ ಸಂಸಾರ. ಈಗ ಬೀಗ ತೆಗೆದು ಒಳಗೆ ಹೋದರೆ ‘ಇಷ್ಟೊತ್ತಾ?’ ಎನ್ನುವವರಿಲ್ಲ. ಕೆಲಸ ಮುಗಿದ ಮೇಲೂ ನಾನು ತೊಳೆದ ಗಾಜನ್ನೇ ಮತ್ತೆ ತೊಳೆಯುತ್ತ ನಿಲ್ಲುತ್ತಿದ್ದೆ.

ಅಂದು ಬೆಳಿಗ್ಗೆ ಡಾಕ್ಟರು ಫೋನ್ ಮಾಡಿದರು. “ಆಕ್ಸಿಜನ್ ಏರಿಸಿದೀವಿ. ಸಿಆರ್‌ಪಿ ಇಳಿದಿಲ್ಲ, ಉರಿಯೂತ ಹಾಗೇ ಇದೆ. ನನಗಿನ್ನೂ ಎರಡು ಮನಸ್ಸು. ಎಲ್‌ಡಿಎಚ್ ಕೂಡ ಏರಿದ್ರೆ ಕಾಯಲ್ಲ, ಗಂಟಲಿಗೆ ಟ್ಯೂಬ್ ಹಾಕ್ತೀವಿ.”

ಎಲ್‌ಡಿಎಚ್ ಎಂಬ ಕಿಣ್ವ ಇರುವುದು ಜೀವಕೋಶಗಳ ಒಳಗೆ. ಕೋಶ ಒಡೆದರೆ ರಕ್ತಕ್ಕೆ ಸೋರುತ್ತದೆ. ಅದು ಏರಿದರೆ ದೇಹದೊಳಗೆ ಎಲ್ಲೋ, ಇಂಥ ಕಾಯಿಲೆಯಲ್ಲಿ ಬಹುಶಃ ಶ್ವಾಸಕೋಶದಲ್ಲೇ, ಹಾನಿಯಾಗುತ್ತಿದೆ ಎಂದರ್ಥ. ಆದರೆ ಒಮ್ಮೊಮ್ಮೆ ಅದು ಸುಳ್ಳೂ ಹೇಳುತ್ತದೆ. ರಕ್ತವನ್ನು ಒರಟಾಗಿ ಎಳೆದರೆ ಕೆಂಪು ಕಣಗಳು ಕೊಳವೆಯಲ್ಲೇ ಒಡೆದು ಅಂಕಿ ಏರಿಬಿಡುತ್ತದೆ. ಆಗ ಕೊಳವೆಯಲ್ಲಿ ಮೇಲೆ ನಿಲ್ಲುವ ತಿಳಿ, ಅಂದರೆ ಸೀರಂ, ತಿಳಿಹಳದಿಯ ಬದಲು ಗುಲಾಬಿಯಾಗಿರುತ್ತದೆ. ಅಂಥದ್ದನ್ನು ತಿರಸ್ಕರಿಸಿ ಮತ್ತೆ ರಕ್ತ ಕೇಳುವುದು ಪದ್ಧತಿ.

ಅತ್ತೆಯ ಅಂದಿನ ರಕ್ತಕ್ಕೆ ಯಂತ್ರ ತೋರಿಸಿದ ಎಲ್‌ಡಿಎಚ್ ಅಂಕಿ ನಿನ್ನೆಯದಕ್ಕಿಂತ ತುಂಬಾ ಹೆಚ್ಚಿತ್ತು. ಕೊಳವೆಯನ್ನು ಬೆಳಕಿಗೆ ಹಿಡಿದೆ. ಓರೆಮಾಡಿದೆ, ಬಿಳಿ ಕಾಗದದ ಮುಂದಿಟ್ಟೆ.

“ಸ್ವಲ್ಪ ಗುಲಾಬಿ ಇದೆ ಅಲ್ವಾ?” ಎಂದು ಪಕ್ಕದ ಮೇಜಿನವನನ್ನು ಕೇಳಿದೆ. ಲ್ಯಾಬಿನಲ್ಲಿ ಎಲ್ಲರೂ ಅವನನ್ನು ದೊಡ್ಡಣ್ಣ ಎನ್ನುತ್ತಾರೆ.

“ನಿನ್ನ ರವಿಕೆ ಬಣ್ಣ ಬಿದ್ದಿರ್ಬೇಕು. ಮೊಸರಲ್ಲಿ ಕಲ್ಲು ಹುಡುಕೋದನ್ನ ನೀನು ಬಿಡಲ್ಲ ಬಿಡು.” ನಗುತ್ತ ಕೊಳವೆ ಇಸಿದುಕೊಂಡವನು ಚೀಟಿಯ ಮೇಲಿನ ಹೆಸರು ನೋಡಿ ನಗು ನಿಲ್ಲಿಸಿದ. “ತಿಳಿಹಳದಿ ಕಣಮ್ಮ. ಚೆನ್ನಾಗಿದೆ ಸ್ಯಾಂಪಲ್ಲು.”

ಚೆನ್ನಾಗಿರುವುದೇ ನನಗೆ ಬೇಡವಾಗಿತ್ತು. ವಾರ್ಡಿಗೆ ಫೋನ್ ಮಾಡಿ, ಕಣ ಒಡೆದಿದೆ, ಮತ್ತೆ ತೆಗೆಯಿರಿ ಎಂದೆ.

“ಸಲೀಸಾಗಿ ಬಂತಲ್ಲ ಮೇಡಂ,” ಎಂದಳು ನರ್ಸ್. “ಅಜ್ಜಿ ತೋಳಲ್ಲಿ ಚುಚ್ಚೋಕೆ ಜಾಗವೇ ಇಲ್ಲ. ನೀಲಿಗಟ್ಟಿದೆ.”

“ಆದ್ರೂ ಬೇಕು.”

ಸ್ವಲ್ಪ ಹೊತ್ತಿಗೆ ಅತ್ತೆಯದೇ ಫೋನ್ ಬಂತು. ಮಾತಿನ ನಡುವೆ ಏದುಸಿರು. “ಮತ್ತೆ ಚುಚ್ಚಿದ್ರು... ನಿಂದೇ ಕಿತಾಪತಿಯಂತೆ. ಮನೇಲಿ ಕುಡಿದದ್ದು... ಸಾಲಲಿಲ್ವೇನೇ ನನ್ನ ರಕ್ತ?”

“ಇನ್ನೊಂದ್ಸಲ ನೋಡೋಣ ಅಂತ, ಅತ್ತೆ.”

“ನೋಡು, ನೋಡು.”

ಎರಡನೆಯ ಕೊಳವೆಯೂ ಅದೇ ಬಣ್ಣ. ಈ ಸಲ ನಾನು ಬೆಳಕಿಗೆ ಹಿಡಿಯಲಿಲ್ಲ. ಅಂಕಿ ಇನ್ನೂ ಕೊಂಚ ಮೇಲಕ್ಕೇ ಹೋಗಿತ್ತು. ದೊಡ್ಡಣ್ಣ, “ನಾನು ಹೇಳ್ಲಾ ಡಾಕ್ಟರಿಗೆ?” ಎಂದ. ಬೇಡವೆಂದು ನಾನೇ ಹೇಳಿದೆ. “ಸ್ಯಾಂಪಲ್ ಸರಿ ಇದೆ ತಾನೇ?” ಎಂದರು ಡಾಕ್ಟರು. “ಸರಿ ಇದೆ. ಮೊದಲನೆಯದೂ ಸರಿಯಾಗೇ ಇತ್ತು,” ಎಂದೆ. “ಹಾಗಾದ್ರೆ ಟ್ಯೂಬ್ ಹಾಕ್ತೀವಿ,” ಎಂದು ಅವರು ಫೋನಿಟ್ಟರು.

ಅತ್ತೆಗೆ ನಾನೇ ಫೋನ್ ಮಾಡಿದೆ.

“ಏನ್ ಬಂತು? ನೆಟ್ಟಗೆ ಹೇಳು.”

“ಏರಿದೆ ಅತ್ತೆ. ಟ್ಯೂಬ್ ಹಾಕ್ತಾರೆ. ಆಮೇಲೆ ಸ್ವಲ್ಪ ದಿನ ಮಾತಾಡೋಕಾಗಲ್ಲ.”

“ನಿನಗೆ ಆರಾಮು ಬಿಡು. ಬೈಯೋರಿಲ್ಲ,” ಎಂದರು.

“ಈಗಲೇ ಬೈದುಬಿಡಿ.”

“ಏನಂತ ಬೈಲಿ... ಉಂಡ್ಯಾ?”

“ಉಂಡೆ.”

“ಸುಳ್ಳಿ.”

ಅಷ್ಟರಲ್ಲಿ ಯಾರೋ ಬಂದರು. “ಅಜ್ಜಿ, ಹೊರಡೋಣ್ವಾ?” ಎಂದು ಫೋನನ್ನು ಅಲ್ಲೇ ಎಲ್ಲೋ ಇಟ್ಟರು, ಕರೆ ನಿಲ್ಲಿಸಲಿಲ್ಲ. ಮಂಚದ ಗಾಲಿಗಳು ಉರುಳಿದ್ದು, ಬಾಗಿಲು ತೆರೆದು ಮುಚ್ಚಿದ್ದು ಕೇಳಿಸಿತು. ಆಮೇಲೆ ಖಾಲಿ ಕೋಣೆ. ಯಾರಾದರೂ ಬಂದು ಆ ಫೋನನ್ನು ಎತ್ತಿಕೊಳ್ಳುವವರೆಗೂ ನಾನು ನನ್ನದನ್ನು ಕಿವಿಗೆ ಹಿಡಿದುಕೊಂಡೇ ಕೂತಿದ್ದೆ.