ಕೊನೇ ಸೀಟಿನ ಮೇಡಂ

ತರೀಕೆರೆಯಲ್ಲೇ ಮನೆಯಿರುವ ಹೆಂಗಸೊಬ್ಬಳು ದಿನಾ ಸಂಜೆ ನನ್ನ ಬಸ್ಸು ಹತ್ತಿ ಅಜ್ಜಂಪುರಕ್ಕೆ ಬರುತ್ತಾಳೆ, ಅಲ್ಲಿ ಕೆಳಗೆ ಇಳಿಯುವುದೇ ಇಲ್ಲ, ಅದೇ ಬಸ್ಸಿನಲ್ಲಿ ಕೂತು ವಾಪಸ್ಸು ತರೀಕೆರೆಗೆ ಹೋಗುತ್ತಾಳೆ ಅಂದರೆ ನೀವು ಏನು ತಿಳಿದುಕೊಳ್ಳುತ್ತೀರಿ? ಹೆಂಗಸರಿಗೆ ಟಿಕೆಟ್ ಪುಕ್ಕಟೆ, ಸುಮ್ಮನೆ ಗಾಳಿ ಕುಡಿಯಲು ಬರುತ್ತಾಳೆ ಅಂದುಕೊಳ್ಳುವಷ್ಟು ಬೆಪ್ಪ ನಾನಲ್ಲ. ನಾನು ಕಡೂರು ಡಿಪೋದ ಕಂಡಕ್ಟರ್, ಹೆಸರು ಚಂದ್ರಕುಮಾರ್. ಟಿಕೆಟ್ ತಗೊಳ್ಳದೆ ಕಿಟಕಿ ಕಡೆ ತಿರುಗಿ ಕೂತವರನ್ನು ಅವರ ಬೆನ್ನು ನೋಡಿಯೇ ಹಿಡಿಯುತ್ತೇನೆ.

ಹೆಂಗಸಿನ ಹೆಸರು ವಿದ್ಯಾಶ್ರೀ. ತರೀಕೆರೆಯ ಪಿಯು ಕಾಲೇಜಿಗೆ ಹೊಸದಾಗಿ ಬಂದ ಅರ್ಥಶಾಸ್ತ್ರದ ಲೆಕ್ಚರರ್. ನನ್ನ ಮಗಳು ಯಶೋಧರಾ ಅದೇ ಕಾಲೇಜಿನಲ್ಲಿ ಸೆಕೆಂಡ್ ಪಿಯು ಓದುತ್ತಾಳೆ, ಅಜ್ಜಂಪುರದ ನಮ್ಮ ಮನೆಯಿಂದ ನನ್ನ ಬಸ್ಸಿನಲ್ಲೇ ಓಡಾಡುತ್ತಾಳೆ. ಈ ಮೇಡಂ ಯಾರು ಅಂತ ಅವಳನ್ನು ಕೇಳಿದೆ.

"ಪಾಠದ ಜೊತೆಗೆ ಮಾರ್ಗದರ್ಶನಾನೂ ಅವ್ರದ್ದೇ ಅಪ್ಪ. ಪಿಯು ಆದ್ಮೇಲೆ ಏನು ಓದ್ಬೇಕು, ಯಾವ ಕೆಲಸಕ್ಕೆ ಹೋಗ್ಬೋದು ಅಂತ ಹೇಳ್ತಾರೆ" ಅಂದಳು.

ಮಾರ್ಗದರ್ಶನ! ಆ ಮಾತು ಕಿವಿಗೆ ಬಿದ್ದರೆ ನನಗೆ ಮೈ ಉರಿಯುತ್ತದೆ. ನನ್ನ ಹಿರಿಯ ಮಗ ಶಿವಪ್ರಸಾದ್ ಪಿಯು ಮುಗಿಸಿದ ವರ್ಷ ಕಡೂರಿನಲ್ಲಿ ಮಾರ್ಗದರ್ಶನ ಶಿಬಿರ ಅಂತ ಒಂದು ನಡೆಯಿತು. ಟೈ ಕಟ್ಟಿದವನೊಬ್ಬ ಮಕ್ಕಳಿಗೆ ಪೆನ್ನು, ಟೋಪಿ ಹಂಚಿ, ನಮಗೆಲ್ಲ ಕೇಸರಿಬಾತು ತಿನ್ನಿಸಿ, ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಮಾಡಿದರೆ ಆಸ್ಪತ್ರೆಯವರು ಮನೆ ಬಾಗಿಲಿಗೇ ಬರುತ್ತಾರೆ ಅಂದ. ಸೇರಿಸಿದೆವು. ಓದು ಮುಗಿದ ಮೇಲೆ ತಿಳಿಯಿತು, ಆ ಸರ್ಟಿಫಿಕೇಟನ್ನು ಯಾವ ಆಸ್ಪತ್ರೆಯೂ ಮೂಸಿ ನೋಡುವುದಿಲ್ಲ. ತಲೆಗಿಷ್ಟು ಅಂತ ಅವನಿಗೆ ಕಮಿಷನ್ ಸಿಕ್ಕಿತ್ತಂತೆ. ಮಗ ಈಗ ಬೀರೂರಿನ ಸ್ಟೇಷನ್ ರಸ್ತೆಯಲ್ಲಿ ಸಿಮ್ ಮಾರುತ್ತಾನೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ನಾನು ಕಲಿತದ್ದು ಅವನ ಬದುಕು ಕಳೆದು.

ಹಾಗಾಗಿ ಯಶೋಧರಾಳ ವಿಷಯದಲ್ಲಿ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ. ಬಿ.ಕಾಂ., ಮನೆಯಿಂದ ಹೋಗಿ ಬರುವಂಥ ಕಾಲೇಜು, ಆಮೇಲೆ ಬ್ಯಾಂಕಿನ ಪರೀಕ್ಷೆ. ಇನ್ನೊಂದು ಮಗುವನ್ನೂ ಕೈಯಾರೆ ಬಾವಿಗೆ ತಳ್ಳಲು ನಾನು ತಯಾರಿರಲಿಲ್ಲ.

ಮೇಡಂ ಮೇಲೆ ಕಣ್ಣಿಟ್ಟೆ. ಆಕೆ ಹಿಂದಿನ ಉದ್ದ ಸೀಟಿನ ಮೂಲೆಯಲ್ಲಿ ಕೂರುತ್ತಿದ್ದಳು. ಹಳ್ಳಿಯ ಹುಡುಗಿಯರು ಒಬ್ಬೊಬ್ಬರಾಗಿ ಪಕ್ಕಕ್ಕೆ ಹೋಗಿ ಕೂರುವುದು, ಪಿಸುಪಿಸು ಮಾತು, ತಮ್ಮ ಊರು ಬಂದಾಗ ಇಳಿಯುವುದು, ಆ ಜಾಗಕ್ಕೆ ಇನ್ನೊಬ್ಬಳು ಬರುವುದು. ಟಿಕೆಟ್ ಕೊಡುವ ನೆಪದಲ್ಲಿ ಹತ್ತಿರ ಹೋಗಿ ಕಿವಿಗೊಟ್ಟೆ. ಎತ್ತರ ಎಷ್ಟಿದೀಯ? ಕಣ್ಣು ಸರಿಯಾಗಿ ಕಾಣುತ್ತಾ? ರಕ್ತ ನೋಡಿದರೆ ತಲೆ ಸುತ್ತುತ್ತಾ? ಮನೆ ಬಿಟ್ಟು ದೂರ ಇರುತ್ತೀಯಾ? ಹುಟ್ಟಿದ ತಾರೀಖು ಯಾವುದು?

ಡ್ರೈವರ್ ತಿಮ್ಮಪ್ಪನಿಗೆ ಹೇಳಿದೆ. ಅವನು ಗೇರ್ ಬದಲಾಯಿಸುತ್ತ ನಕ್ಕ. "ಹೆಣ್ಣು ನೋಡಾಕ್ ಬಂದೋರು ಕೇಳ್ದಂಗೈತಲ್ಲೋ ಚಂದ್ರು! ಯಾವ್ದಾದ್ರೂ ಗಂಡಿನ ಕಡೇರೇನೋ, ವಿಚಾರ್ಸು."

"ನಗ್ಬೇಡ ಕಣೋ. ಇದು ಗಂಡಿನ ಕಡೇರಿಗಿಂತ ಕೆಟ್ಟದ್ದು ಇದ್ದಂಗೈತೆ" ಅಂದೆ.

ಅವತ್ತೇ ವಾಪಸ್ಸು ಬರುವಾಗ ಬಸ್ಸು ಹೆಚ್ಚುಕಡಿಮೆ ಖಾಲಿಯಿತ್ತು. ಮೇಡಂ ಫೋನಿನಲ್ಲಿ ಮಾತಾಡುತ್ತಿದ್ದಳು. "ಇವತ್ತು ಇಬ್ಬರು ಸಿಕ್ಕಿದ್ರು ಸಾರ್. ಒಬ್ಬಳಂತೂ ಗ್ಯಾರಂಟಿ, ಒಳ್ಳೆ ಎತ್ತರ ಇದಾಳೆ. ಮನೆಯವರನ್ನ ಒಪ್ಪಿಸಬೇಕು, ಭಾನುವಾರ ಕಳಿಸ್ತೀನಿ." ಸಿಕ್ಕಿದರಂತೆ, ಗ್ಯಾರಂಟಿಯಂತೆ, ಕಳಿಸುತ್ತಾಳಂತೆ. ಸಂತೆಯಲ್ಲಿ ದನದ ದಲ್ಲಾಳಿಗಳು ರೇಟು ಯಾರಿಗೂ ತಿಳಿಯದ ಹಾಗೆ ಟವೆಲ್ಲಿನ ಕೆಳಗೆ ಬೆರಳು ಹಿಡಿದಾದರೂ ವ್ಯಾಪಾರ ಮಾಡುತ್ತಾರೆ. ಈಕೆಗೆ ಆ ನಾಚಿಕೆಯೂ ಇರಲಿಲ್ಲ.

ಮನೆಯಲ್ಲಿ ಯಶೋಧರಾಗೆ ಹೇಳಿದೆ. "ನಾಳೆಯಿಂದ ನೀನು ಮುಂದಿನ ಬಾಗ್ಲು ಹತ್ರ ಕೂತ್ಕೋಬೇಕು. ಆ ಮೇಡಂ ಪಕ್ಕ ಕಂಡ್ರೆ ಕಾಲೇಜೇ ಬಿಡಿಸ್ತೀನಿ."

"ಅವ್ರೇನ್ ಮಾಡಿದ್ರಪ್ಪ?"

"ನಿಮ್ಮಣ್ಣಂಗೆ ಮಾಡಿದ್ರಲ್ಲ, ಅದನ್ನೇ."

ನನ್ನ ಹೆಂಡತಿ ವನಜಾಕ್ಷಿ ನಡುವೆ ಬಾಯಿ ಹಾಕಿದಳು. "ಹುಡುಗಿ ಮಾತು ಒಸಿ ಕೇಳ್ರೀ." ನಾನು ಕೇಳಲಿಲ್ಲ. ಮಗಳು ಮಾರನೆಯ ದಿನದಿಂದ ಮುಂದೆ ಕೂತಳು. ಆದರೆ ದಾರಿಯುದ್ದಕ್ಕೂ ಕತ್ತು ತಿರುಗಿಸಿ ಹಿಂದಕ್ಕೆ ನೋಡುತ್ತಿದ್ದಳು. ಅದನ್ನು ನೋಡಿ ನನ್ನ ಸಿಟ್ಟು ಇನ್ನೂ ಏರಿತು.

ಒಂದು ದಿನ ತಡೆಯಲಾಗಲಿಲ್ಲ. ಬಸ್ಸಿನ ತುಂಬ ಜನ ಇದ್ದಾಗಲೇ ಹಿಂದಿನ ಸೀಟಿನ ಮುಂದೆ ನಿಂತು ಗಟ್ಟಿಯಾಗಿ ಕೇಳಿದೆ. "ಮೇಡಮ್ಮೋರೇ, ಯಾವ ಕಾಲೇಜಿನೋರು ಕಮಿಷನ್ ಕೊಡ್ತಾರೆ ನಿಮ್ಗೆ? ಹುಡುಗೀರ ತಲೆಗಿಷ್ಟು ಅಂತಾನಾ, ಒಟ್ಟಿಗೇ ಮಾತಾಡ್ಕಂಡಿದೀರಾ?"

ಬಸ್ಸಿನಲ್ಲಿದ್ದವರೆಲ್ಲ ಕತ್ತು ಹಿಂದಕ್ಕೆ ತಿರುಗಿಸಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾಳೆ ಅಂತ ಕಾದೆ. ಆಕೆ ಸಿಟ್ಟಾಗಲಿಲ್ಲ, ಬರೀ ಮುಂದಿನ ಬಾಗಿಲ ಕಡೆ, ನನ್ನ ಮಗಳ ಕಡೆ ಒಮ್ಮೆ ನೋಡಿದಳು. "ಯಾರೂ ಏನೂ ಕೊಡಲ್ಲ ಚಂದ್ರಕುಮಾರ್ ಅವರೇ" ಅಂದಳು, ಅಷ್ಟೇ. ಪಕ್ಕದಲ್ಲಿದ್ದ ಹುಡುಗಿ ಮೆಲ್ಲಗೆ ಎದ್ದು ಬೇರೆ ಸೀಟಿಗೆ ಹೋದಳು. ಮಾರನೆಯ ದಿನದಿಂದ ಮೇಡಂ ಬಸ್ಸಿಗೆ ಬರಲಿಲ್ಲ.

ಗೆದ್ದೆ ಅಂದುಕೊಂಡೆ. ಆದರೆ ಗೆದ್ದವನಿಗೆ ರಾತ್ರಿ ನಿದ್ದೆ ಬರಬೇಕಲ್ಲ. ತಲೆಗೆ ಹುಳ ಬಿಟ್ಟ ಹಾಗೆ ಒಂದೇ ಪ್ರಶ್ನೆ: ಆಕೆಗೆ ನನ್ನ ಹೆಸರು ಹೇಗೆ ಗೊತ್ತು? ನನ್ನ ವಾರದ ರಜೆಯ ದಿನ ನೇರ ಕಾಲೇಜಿಗೇ ಹೋದೆ. ಕಮಿಷನ್ ವ್ಯವಹಾರ ಬಯಲಿಗೆಳೆದು ಬರುತ್ತೇನೆ ಅಂತಲೇ ಹೊರಟಿದ್ದು.

ಪ್ರಿನ್ಸಿಪಾಲ್ ಗಂಗಾಧರಯ್ಯ ನನ್ನ ಮಾತು ಕೇಳಿ ಕನ್ನಡಕ ತೆಗೆದಿಟ್ಟರು. "ಕಮಿಷನ್ನಾ? ಖಾಸಗಿ ಕಾಲೇಜಿನ ಏಜೆಂಟ್ ಒಬ್ಬ ಬಂದಿದ್ದ ಕಣ್ರೀ. ಅವನನ್ನ ಗೇಟಿನ ಆಚೆ ಕಳಿಸಿದ್ದೇ ಆ ಹೆಣ್ಣುಮಗಳು. ಮಾರ್ಗದರ್ಶನಕ್ಕೆ ಕಾಲೇಜಿನ ಹೊತ್ತಲ್ಲೇ ಒಂದು ಪೀರಿಯಡ್ ಕೊಡಿ ಅಂತ ಕೇಳಿದ್ರು. ಸಿಲಬಸ್ ಮುಗೀಬೇಕು, ಕೊಡಕ್ಕಾಗಲಿಲ್ಲ. ಕಾಲೇಜು ಬಿಟ್ಟ ಮೇಲೆ ಮಾಡ್ಕೊಳ್ಳಿ ಅಂತ ಮೂಲೆ ರೂಮು ಕೊಟ್ಟೆ."

ಮೂಲೆ ರೂಮಿನಲ್ಲಿ ಮೇಡಂ ಒಬ್ಬಳೇ ಕೂತು ಪೇಪರ್ ತಿದ್ದುತ್ತಿದ್ದಳು. ಎದುರಿಗೆ ಖಾಲಿ ಬೆಂಚುಗಳು. ನನ್ನನ್ನು ಕಂಡು ಎದ್ದು ನಿಂತಳು. ಆದರೂ ಮೊದಲು ಫೋನಿನ ವಿಷಯವನ್ನೇ ಕೇಳಿದೆ, ಅನುಮಾನ ಅಷ್ಟು ಸುಲಭವಾಗಿ ಸಾಯುವುದಿಲ್ಲ ನೋಡಿ.

"ಕಡೂರಿನ ಪಂಚಾಕ್ಷರಪ್ಪ ಅಂತ, ರಿಟೈರಾದ ಪಿ.ಟಿ. ಮೇಷ್ಟ್ರು. ಪೊಲೀಸ್ ಕೆಲಸಕ್ಕೆ ಸೇರಬೇಕು ಅನ್ನೋ ಹುಡುಗೀರಿಗೆ ಭಾನುವಾರ ಓಡೋದು ಕಲಿಸ್ತಾರೆ, ಪುಕ್ಕಟೆ. ಅದಕ್ಕೇ ಎತ್ತರ ಕೇಳೋದು. ನರ್ಸಿಂಗ್ ಅಂದವರಿಗೆ ರಕ್ತದ ಮಾತು, ರೈಲ್ವೆ ಅಂದವರಿಗೆ ಕಣ್ಣಿನ ಮಾತು. ಎಲ್ಲಕ್ಕೂ ವಯಸ್ಸಿನ ಮಿತಿ ಇರುತ್ತೆ, ಅದಕ್ಕೆ ಹುಟ್ಟಿದ ತಾರೀಖು."

"ಅದನ್ನ ಬಸ್ಸಲ್ಯಾಕೆ ಕೇಳ್ಬೇಕಿತ್ತು ಮೇಡಂ?"

"ಬೆಲ್ ಹೊಡೆದ ತಕ್ಷಣ ಹಳ್ಳಿ ಹುಡುಗೀರೆಲ್ಲ ನಿಮ್ಮ ಬಸ್ಸಿಗೆ ಓಡ್ತಾರೆ. ಅದು ತಪ್ಪಿದ್ರೆ ಕತ್ತಲಾಗೋವರೆಗೂ ಬೇರೆ ಬಸ್ಸಿಲ್ಲ. ಈ ರೂಮಿಗೆ ಯಾರು ಬರ್ತಾರೆ? ಬಸ್ಸು ಬಿಟ್ಟು ಇಲ್ಲಿಗೆ ಬಂದೋಳು ಒಬ್ಬಳೇ, ನಿಮ್ಮ ಮಗಳು."

ಕಂಪ್ಯೂಟರ್ ಪ್ರಾಕ್ಟಿಕಲ್ ಇತ್ತು ಅಂತ ಮನೆಯಲ್ಲಿ ಹೇಳಿ ಅವಳು ಒಮ್ಮೆ ಕತ್ತಲಾದ ಮೇಲೆ ಬಂದಿದ್ದಳು, ಅದು ಆ ದಿನವೇ ಇರಬೇಕು. ನಾನು ಬೆಂಚಿನ ಮೇಲೆ ಕೂತುಬಿಟ್ಟೆ.

"ಅವಳೇ ದಾರಿ ತೋರಿಸಿದ್ದು" ಅಂದಳು ಮೇಡಂ. "'ಯಾರೂ ಬರಲ್ಲ ಮೇಡಂ, ನೀವೇ ಬಸ್ಸಿಗೆ ಬನ್ನಿ. ಅದು ನಮ್ಮಪ್ಪ ಚಂದ್ರಕುಮಾರ್ ಅವರ ಬಸ್ಸು, ನಿಮಗೆ ಏನೂ ತೊಂದರೆ ಆಗಲ್ಲ' ಅಂದ್ಲು."

ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ. ತುಂಬಿದ ಬಸ್ಸಿನಲ್ಲಿ ಆಡಿದ ಮಾತನ್ನು ಖಾಲಿ ರೂಮಿನಲ್ಲಿ ಹೇಗೆ ವಾಪಸ್ಸು ತಗೊಳ್ಳುವುದು? "ತಪ್ಪಾಯ್ತು ಮೇಡಂ, ದಯವಿಟ್ಟು ಬಸ್ಸಿಗೆ ಬನ್ನಿ" ಅಂದೆ. ಆಕೆ ಬರುತ್ತೇನೆ ಅನ್ನಲಿಲ್ಲ. "ನಾನು ಬಂದ್ರೂ ಹುಡುಗೀರು ಪಕ್ಕಕ್ಕೆ ಬಂದು ಕೂರಬೇಕಲ್ಲ" ಅಂದಳು.

ಎದ್ದು ಬಾಗಿಲವರೆಗೆ ಹೋದವನು ತಿರುಗಿ ಕೇಳಿದೆ. "ನಮ್ಮ ಹುಡುಗಿ ಏನಾಗ್ಬೇಕು ಅಂದ್ಲು?"

ಮೇಡಂ ತಲೆಯಾಡಿಸಿದಳು. "ಅಪ್ಪಂಗೆ ನಾನೇ ಹೇಳ್ತೀನಿ, ನೀವು ಹೇಳಬೇಡಿ ಅಂದಿದ್ಲು. ಅವಳನ್ನೇ ಕೇಳಿ."

ಮನೆಗೆ ಬಂದಾಗ ಯಶೋಧರಾ ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಹತ್ತಿರ ಹೋಗಿ ನಿಂತೆ. ಇಷ್ಟು ವರ್ಷದಲ್ಲಿ ಅವಳನ್ನು ಹೀಗೊಂದು ಮಾತು ಕೇಳಿದವನೇ ಅಲ್ಲ.

"ಪುಟ್ಟಿ, ಮುಂದೆ ಏನು ಓದ್ಬೇಕು ಅಂತ ಐತವ್ವ ನಿಂಗೆ?"

ಅವಳ ಕೈ ಅಲ್ಲೇ ನಿಂತಿತು. "ಯಾಕಪ್ಪ ಕೇಳ್ತಿದೀಯ? ಯಾರೇನ್ ಹೇಳಿದ್ರು?"

"ಯಾರೂ ಏನೂ ಹೇಳಿಲ್ಲ. ಸುಮ್ನೆ ಕೇಳ್ದೆ ಕಣವ್ವ."

"ನೀನು ಸುಮ್ನೆ ಕೇಳಲ್ಲ" ಅಂದಳು. ನನ್ನ ಮುಖವನ್ನು ಮೇಲಿಂದ ಕೆಳಗೆ ಪರೀಕ್ಷೆ ಮಾಡಿದಳು. ಆಮೇಲೆ ಮೇಷ್ಟ್ರಿಗೆ ಪಾಠ ಒಪ್ಪಿಸುವ ದನಿಯಲ್ಲಿ ಹೇಳಿದಳು. "ಬಿ.ಕಾಂ. ಮಾಡ್ತೀನಿ. ಮನೆಯಿಂದಾನೇ ಹೋಗಿ ಬತ್ತೀನಿ. ಆಮೇಲೆ ಬ್ಯಾಂಕ್ ಪರೀಕ್ಷೆ ಕಟ್ತೀನಿ."

ಬಟ್ಟೆಯ ರಾಶಿ ಎತ್ತಿಕೊಂಡು ಒಳಗೆ ಹೋದಳು. ನನಗೆ ಬೇಕಾಗಿದ್ದ ಉತ್ತರ ಅದೇ. ಅದರಲ್ಲಿ ಒಂದಕ್ಷರವನ್ನೂ ನಾನು ನಂಬಲಿಲ್ಲ.