ಅಂಗಿ ತೊಟ್ಟ ಗುಂಡು

ಕಮಲಾಪುರದ ಶಂಕ್ರಮ್ಮನಿಗೆ ಆ ಬಂದೂಕು ಬಂದದ್ದು ಮಾವನಿಂದ. ಬಾಯಿಯಿಂದ ಮದ್ದು, ಗುಂಡು ತುಂಬಿ ಗಜದಿಂದ ಗಿಡಿಯುವ ಹಳೆಯ ಕಾಲದ ರೈಫಲ್ಲು. ಕೆಂಪು ಬಾಳೆಯ ತೋಟಕ್ಕೆ ಹಂದಿ ನುಗ್ಗಿದಾಗ ಬರೀ ಮದ್ದು ಹಾಕಿ ಸದ್ದು ಮಾಡಿದರೆ ಸಾಕಾಗುತ್ತಿತ್ತು. ಗುಂಡಿನ ಗೊಡವೆ ಯಾರಿಗೂ ಇರಲಿಲ್ಲ. ಗಂಡ ದೌಲಪ್ಪನಿಗೆ ಆ ಸದ್ದೇ ಆಗದು. ಅದಕ್ಕೇ ಲೈಸೆನ್ಸು ಸೊಸೆಯ ಹೆಸರಿಗೆ ಆಗಿತ್ತು.

ಗೊಡವೆ ಶುರುವಾದದ್ದು ಹೋದ ವರ್ಷ. ಕಲಬುರಗಿಯ ಹೊರಗೊಂದು ಬಯಲಿನಲ್ಲಿ ಹಳೆ ಬಂದೂಕುಗಳ ಗುರಿ ಪಂದ್ಯ ಇಟ್ಟಿದ್ದರು. ದೂರದಲ್ಲಿ ಕಟ್ಟಿದ ತೆಂಗಿನಕಾಯಿ ಒಡೆಯಬೇಕು. ಶಂಕ್ರಮ್ಮ ತನ್ನಲ್ಲಿದ್ದ ಗುಂಡು ತುಂಬಿ, ನಳಿಗೆಯನ್ನು ತುಸು ಬಾಗಿಸಿದ್ದೇ ತಡ, ಗುಂಡು ಉರುಳಿಬಂದು ಅವಳ ಚಪ್ಪಲಿಯ ಮುಂದೆ ಬಿತ್ತು. ಅವಳು ಅದನ್ನು ನೋಡದೆ ಕುದುರೆ ಎಳೆದಳು. ಢಂ ಎಂದಿತು, ಹೊಗೆ ಎದ್ದಿತು, ತೆಂಗಿನಕಾಯಿ ಅಲುಗಲಿಲ್ಲ.

"ಅಕ್ಕಾರ ಗುಂಡು ನಡಕೋತ ಹೊಂಟದ್ರೀ!" ಎಂದು ಯಾರೋ ಕೂಗಿದರು. ಇಡೀ ಬಯಲು ನಕ್ಕಿತು. ದೌಲಪ್ಪನೂ ನಕ್ಕ, ಮನೆಗೆ ಬಂದಮೇಲೆ ಎರಡು ದಿನ ಅವನಿಗೆ ತಂಗಳ ರೊಟ್ಟಿಯೇ ಗತಿಯಾಯಿತು.

ಈ ವರ್ಷ ಪಂದ್ಯಕ್ಕೆ ತಿಂಗಳಿರುವಾಗಲೇ ಅವಳು ಸಿದ್ಧಳಾದಳು. ಗುಂಡಿನ ಅಳತೆಗೆಂದು ಗಿಡದ ಬೋರೆಹಣ್ಣುಗಳನ್ನು ಒಂದೊಂದಾಗಿ ನಳಿಗೆಯ ಬಾಯಿಗೆ ಹಿಡಿದು ನೋಡಿ, ಸರಿಯಾಗಿ ಕೂತದ್ದನ್ನು ಸೆರಗಿಗೆ ಕಟ್ಟಿಕೊಂಡಳು. ಆದರೆ ಸಂತೆ, ನೆಂಟರು ಎಂದು ನಾಲ್ಕು ದಿನ ಕಳೆದ ಮೇಲೆ ಬಸ್ಸು ಹತ್ತಿದ್ದು. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಬಂದೂಕಿನ ಅಂಗಡಿ ಇಟ್ಟಿದ್ದ ನೋಮಾನ್ ಅವಳು ಸೆರಗಿನಿಂದ ಬಿಚ್ಚಿಟ್ಟ ಹಣ್ಣನ್ನು ನೋಡಿದ, ಅವಳನ್ನು ನೋಡಿದ.

"ಅಮ್ಮಾ, ಇದು ಬಾಡಿ ಬಟಾಣಿ ಆಗ್ಯಾದ. ಇದರ ಅಳತಿ ಮ್ಯಾಲ ಕೊಟ್ಟರ ಗುಂಡು ಮತ್ತ ಕೆಳಗ ಬೀಳ್ತದ. ಲೈಸೆನ್ಸು ತಗೊಂಡು ಬಂದೂಕೇ ತರ್ರಿ."

ಮರುವಾರ ಬಂದೂಕನ್ನು ಗೌಸಣಿಗೆಯಲ್ಲಿ ಹಾಕಿಕೊಂಡು ಗಂಡ ಹೆಂಡತಿ ಇಬ್ಬರೂ ಬಂದರು. ನೋಮಾನ್ ನಳಿಗೆಯನ್ನು ಅಳೆದ, ಮತ್ತೊಮ್ಮೆ ಅಳೆದ, ಇದ್ದಬದ್ದ ಗುಂಡೆಲ್ಲ ಹಾಕಿ ನೋಡಿದ. ಎಲ್ಲವೂ ಲೊಡಲೊಡ ಎಂದು ಒಳಗೆ ಹೋಗಿ ಲೊಡಲೊಡ ಎಂದು ಹೊರಗೆ ಬಂದವು.

"ಜಂಗು, ತುಕ್ಕು ಅಂತ ತಿಕ್ಕಿ ತಿಕ್ಕಿ ಯಾರೋ ಇದನ್ನ ನಲ್ಲಿ ಪೈಪು ಮಾಡ್ಯಾರ" ಎಂದ ಅವನು.

"ನಮ್ಮಪ್ಪ. ದೀಪಾವಳಿಗೊಮ್ಮೆ ಉಸುಕು ಹಾಕಿ ತಿಕ್ಕತಿದ್ದ" ಎಂದ ದೌಲಪ್ಪ ಹೆಮ್ಮೆಯಿಂದ.

ಶಂಕ್ರಮ್ಮ ಗಂಡನ ಕಡೆ ತಿರುಗಿದ್ದನ್ನು ಕಂಡು ನೋಮಾನ್ ಗಡಿಬಿಡಿಯಿಂದ ಒಂದು ವಿಳಾಸ ಹೇಳಿದ. ಶರಣಬಸವೇಶ್ವರ ಗುಡಿಯ ಹತ್ತಿರ ಕೌಸರ್ ಎಂಬವಳಿದ್ದಾಳೆ. ಅವಳ ತಂದೆ ಹೆಸರಾಂತ ಬಂದೂಕು ರಿಪೇರಿಯವರಾಗಿದ್ದರು. ಅವರ ಸಾಮಾನೆಲ್ಲ ಅವಳ ಬಳಿಯೇ ಇದೆ.

ಕೌಸರ್ ಬಂದೂಕು ಮುಟ್ಟುವವಳಲ್ಲ, ಅಂಗಡಿ ಇಟ್ಟುಕೊಂಡು ಶಾಲೆಯ ಯೂನಿಫಾರ್ಮು ಹೊಲಿಯುವವಳು. ಆದರೂ ಮಷೀನು ಬಿಟ್ಟೆದ್ದು ಅಪ್ಪನ ಪೆಟ್ಟಿಗೆ ಎಳೆದಳು. ಅದರಲ್ಲಿ ಸೀಸ ಕರಗಿಸಿ ಹೊಯ್ಯುವ ಅಚ್ಚುಗಳಿದ್ದವು. ಅವರೇ ಹೊಯ್ದಿಟ್ಟ ಒಂದೊಂದು ಮಾದರಿ ಗುಂಡೂ ಇತ್ತು. ಎಲ್ಲಕ್ಕಿಂತ ದೊಡ್ಡದನ್ನು ಶಂಕ್ರಮ್ಮ ನಳಿಗೆಯಲ್ಲಿ ಬಿಟ್ಟಳು. ಲೊಡಲೊಡ ಎನ್ನಲಿಲ್ಲ, ನಿಧಾನ ಜಾರಿತು. ಆದರೆ ಬಂದೂಕು ತಿರುವಿದ ಕೂಡಲೇ ಅಂಗೈಗೆ ಬಂದು ಬಿತ್ತು.

"ಇನ್ನ ಕೂದಲದಷ್ಟೇ ಕಡಿಮಿ ಬಿತ್ತು" ಎಂದು ಶಂಕ್ರಮ್ಮ ಸುಸ್ತಾಗಿ ಕುಳಿತುಬಿಟ್ಟಳು.

ಕೌಸರ್ ನಕ್ಕಳು. "ಕಡಿಮಿನೇ ಇರಬೇಕ್ರೀ. ಗುಂಡು ಬತ್ತಲೆ ಹೋಗಂಗಿಲ್ಲ, ಅದಕ್ಕ ಅಂಗಿ ತೊಡಸ್ಬೇಕು ಅಂತಿದ್ರು ನಮ್ಮ ಅಬ್ಬಾ. ಎಣ್ಣಿ ಹಚ್ಚಿದ ಬಟ್ಟಿ ತುಂಡು ಸುತ್ತಿ ಇಳಸ್ತಿದ್ರು."

ಆಮೇಲೆ ಆ ಅಂಗಡಿಯಲ್ಲಿ ನಡೆದದ್ದು ದರ್ಜಿಯ ಕೆಲಸವೇ. ಒಳಲಂಗದ ಬಟ್ಟೆ ತೆಳ್ಳಗಾಯಿತು, ಗುಂಡು ಜಾರಿತು. ಪ್ಯಾಂಟಿನ ಬಟ್ಟೆ ದಪ್ಪಗಾಗಿ ಬಾಯಲ್ಲೇ ಸಿಕ್ಕಿತು. ದೌಲಪ್ಪ ಇಕ್ಕಳ ಹಿಡಿದು ಬೆವರು ಸುರಿಸಿ ಎಳೆದ. ದಿಂಬಿನ ಚೀಲ ಒಂದು ಬದಿ ಹರಿಯಿತು. ಕೊನೆಗೆ ಕೌಸರ್ ಒಂದು ಶಾಲೆಯ ಚೌಕಳಿ ಅಂಗಿಯ ತುಂಡನ್ನು ದುಂಡಗೆ ಕತ್ತರಿಸಿ ಕೊಟ್ಟಳು. ಮೆಲ್ಲಗೆ ಒತ್ತಿದರೆ ಇಳಿಯಿತು. ಬಂದೂಕನ್ನು ತಲೆಕೆಳಗಾಗಿ ಹಿಡಿದು ಮೂವರೂ ಉಸಿರು ಬಿಗಿಹಿಡಿದು ಕಾದರು. ಬೀಳಲಿಲ್ಲ. ದೌಲಪ್ಪ ನಳಿಗೆಯನ್ನು ಅಲ್ಲಾಡಿಸಿದ. ಆಗಲೂ ಬೀಳಲಿಲ್ಲ.

"ಇನ್ನ ಇದನ್ನ ಹೊರಗ ಹ್ಯಾಂಗ ತೆಗೆಯೋದು?" ಎಂದು ಅವನು ಕೇಳಿದ. ನೋಮಾನ್‌ಗೆ ಫೋನು ಮಾಡಬೇಕಾಯಿತು. ಅವನು ತಿರುಪು ಹಚ್ಚಿದ ಗಜ ತಂದು ಗುಂಡು ಕಿತ್ತುಕೊಟ್ಟ. ಅಚ್ಚನ್ನೂ ತಾನೇ ಒಯ್ದು ಪಂದ್ಯಕ್ಕೆ ಬೇಕಾದಷ್ಟು ಗುಂಡು ಹೊಯ್ಯಿಸಿಕೊಟ್ಟ.

ಪಂದ್ಯದ ದಿನ ಕೌಸರ್ ಅಂಗಡಿ ಮುಚ್ಚಿ ಬಂದಿದ್ದಳು. ಶಂಕ್ರಮ್ಮನ ಮೊದಲ ಗುಂಡು ಕಂಬಕ್ಕೆ ತಾಗಿ ಸಿಬಿರು ಹಾರಿತು. ಎರಡನೆಯದು ಎಲ್ಲಿ ಹೋಯಿತೋ ಯಾರಿಗೂ ಕಾಣಲಿಲ್ಲ. ಮೂರನೆಯದಕ್ಕೆ ತೆಂಗಿನಕಾಯಿ ಸೀಳಿ ನೀರು ಚಿಮ್ಮಿತು. ಹೊಗೆಯಾಡುವ ಚೌಕಳಿ ತುಂಡುಗಳನ್ನು ಆರಿಸಿ ತಂದ ಕೌಸರ್ ಅವನ್ನು ಬೆಳಕಿಗೆ ಹಿಡಿದು ನೋಡಿದಳು. "ಎಲ್ಲೂ ಹರದಿಲ್ಲ. ಫಿಟ್ಟಿಂಗ್ ಬರೋಬ್ಬರಿ ಕುಂತದ."

ಬಹುಮಾನ ಮೂರನೆಯದು. ಶಂಕ್ರಮ್ಮನಿಗೆ ಅದರ ಪರಿವೆಯೇ ಇರಲಿಲ್ಲ. ಗುಂಡು ಹೋದ ದಾರಿಯನ್ನು ಬೆರಳು ಮಾಡಿ ಮಾಡಿ ಎಲ್ಲರಿಗೂ ತೋರಿಸುತ್ತಿದ್ದಳು. ಒಡೆದ ಕಾಯಿಯನ್ನು ಮೂವರೂ ಬೇವಿನ ನೆರಳಲ್ಲಿ ಕೂತು ಬೆಲ್ಲದ ಜೊತೆ ತಿಂದರು.

"ಸೀಸ ತಾಗಿದ ಬದಿ ಬ್ಯಾಡ, ಈ ಕಡೀದು ತಿನ್ರಿ" ಎಂದಳು ಶಂಕ್ರಮ್ಮ.

"ಆದ್ರೂ ಜರಾ ಮದ್ದಿನ ವಾಸನಿ ಹೊಡೀತದ" ಎಂದ ದೌಲಪ್ಪ, ಮತ್ತೊಂದು ಹೋಳಿನತ್ತ ಕೈ ಚಾಚುತ್ತ.